ಬಲಗಡೆಯ ಅಂಚು

ಜುಲೈ 3
ಕಾಲೇಜು ಹಾಸ್ಟೆಲ್, ಹಿಂಬದಿಯ ಕೋಣೆ

ಅಕ್ಕಾ,

ಕಾಲೇಜು ಶುರುವಾಗಿದೆ. ಇಲ್ಲಿಯವರೆಗೆ ನಾನು ಕಲಿತದ್ದು ಒಂದೇ ವಿಷಯ: ಇತಿಹಾಸದ ಮೇಷ್ಟ್ರ ಅಂಗಿಯ ಬೆನ್ನಿನಲ್ಲಿ ಹೊಲಿಗೆ ಬಿಟ್ಟಿದೆ. ಅಪ್ಪ ಕಂಡಿದ್ದರೆ ಅಲ್ಲೇ ನಿಲ್ಲಿಸಿ ಸೂಜಿ ತೆಗೆಯುತ್ತಿದ್ದರು. ಮೇಷ್ಟ್ರು ಗಂಟೆಯಿಡೀ ಬೋರ್ಡಿನ ಕಡೆ ತಿರುಗಿಕೊಂಡೇ ಮಾತಾಡುತ್ತಾರೆ. ತುಟಿ ಕಂಡರೆ ನಾನು ಅರ್ಧ ಪಾಠವನ್ನಾದರೂ ಹಿಡಿಯಬಲ್ಲೆ. ಬೆನ್ನಿಗೆ ತುಟಿ ಇಲ್ಲವಲ್ಲ. ಅರ್ಥಶಾಸ್ತ್ರದವರು ಮುಖ ತೋರಿಸುತ್ತಾರೆ, ಆದರೆ ಅವರ ಮೀಸೆ ತುಟಿಯ ಮೇಲೆ ಪರದೆ ಇಳಿಬಿಟ್ಟ ಹಾಗಿದೆ. ಕಿವಿಯ ಯಂತ್ರ ಹಾಕಿಕೊಂಡರೆ ಬೆಂಚು ಎಳೆಯುವುದು, ಕೆಮ್ಮು, ಫ್ಯಾನು ಎಲ್ಲವೂ ಮೇಷ್ಟ್ರಷ್ಟೇ ಜೋರಾಗಿ ಪಾಠ ಹೇಳುತ್ತವೆ. ತೆಗೆದು ಜೇಬಿಗೆ ಹಾಕಿಕೊಂಡೆ.

ಶಾಲೆಯಲ್ಲಿ ನೀನು ಪಕ್ಕದಲ್ಲಿ ಕೂತು ನನಗಾಗಿ ಬರೆಯುತ್ತಿದ್ದ ಪುಟ ನೆನಪಾಗುತ್ತದೆ. ಉದ್ದಕ್ಕೆ ಒಂದು ಗೆರೆ. ಎಡಗಡೆ ಮೇಷ್ಟ್ರು ಹೇಳಿದ್ದು. ಬಲಗಡೆಯ ಅಂಚಿನಲ್ಲಿ ಮಿಕ್ಕಿದ್ದೆಲ್ಲ: ಹಿಂದಿನ ಬೆಂಚಿನವರು ಏನು ಗೊಣಗಿದರು, ಹೊರಗೆ ಯಾವ ಗಾಡಿ ಹೋಯಿತು, ಎಲ್ಲರೂ ಯಾಕೆ ನಕ್ಕರು. ನಗುವಿಗೆ ಹೆಚ್ಚಾಗಿ ಆ ಬೆಕ್ಕೇ ಕಾರಣ. ಸರಿಯಾಗಿ ಹಾಜರಿಯ ಹೊತ್ತಿಗೇ ಬರುತ್ತಿತ್ತು. 'ಬೆಕ್ಕು ಬಂತು, ಅದಕ್ಕೆ ನಗು' ಎಂದು ನೀನು ಬರೆದ ತಕ್ಷಣ ನಾನೂ ನಗುತ್ತಿದ್ದೆ. ಅಷ್ಟು ವರ್ಷ ಬಂದ ಬೆಕ್ಕು ಒಂದು ದಿನವೂ ನನ್ನ ಕಣ್ಣಿಗೆ ಬೀಳಲಿಲ್ಲ ನೋಡು.

ಇಲ್ಲಿ ಹಾಜರಿಯೇ ದೊಡ್ಡ ಪೀಕಲಾಟ. ನನ್ನ ಹೆಸರು ಬಂದಾಗ ನೀನು ಮೊಣಕೈಯಿಂದ ತಿವಿಯುತ್ತಿದ್ದೆ, ನಾನು 'ಬಂದಿದ್ದೀನಿ ಸಾರ್' ಅನ್ನುತ್ತಿದ್ದೆ. ಇಲ್ಲಿ ತಿವಿಯುವವರಿಲ್ಲ. ಅಂದಾಜಿನ ಮೇಲೆ ಎದ್ದು ಹೇಳುತ್ತೇನೆ. ಒಮ್ಮೊಮ್ಮೆ ಅದು ಬೇರೆಯವರ ಹೆಸರಾಗಿರುತ್ತದೆ. ಒಮ್ಮೊಮ್ಮೆ ನನ್ನ ಹೆಸರು ಆಗಲೇ ದಾಟಿರುತ್ತದೆ. ಮೇಷ್ಟ್ರ ಮೂಗಿನ ಕೆಳಗೆ, ಮೊದಲ ಬೆಂಚಿನಲ್ಲಿ ಕೂತು ನಾನು ಗೈರುಹಾಜರಿ.

ಆದರೆ ನಾನು ಅಳುತ್ತ ಕೂರುವವನಲ್ಲ. ಇಲ್ಲಿಯ ಓದುವ ಕೋಣೆಯಲ್ಲಿ ಹಳೆಯ ಕರಪತ್ರಗಳ ಒಂದು ಕಟ್ಟು ಸಿಕ್ಕಿದೆ. ಎಲ್ಲವನ್ನೂ ಓದಿದೆ. ಒಂದರಲ್ಲಿ ಹೀಗಿದೆ: ಮೆಟ್ಟಿಲು ಹತ್ತಲಾಗದವನಲ್ಲಿ ದೋಷವಿಲ್ಲ, ದೋಷ ಇರುವುದು ಮೆಟ್ಟಿಲು ಮಾತ್ರ ಕಟ್ಟಿದವನಲ್ಲಿ. ಅಕ್ಕಾ, ಇಷ್ಟು ದಿನ ಇದನ್ನು ನಮಗೆ ಯಾರೂ ಯಾಕೆ ಹೇಳಲಿಲ್ಲ? ನಾನು ಪ್ರಿನ್ಸಿಪಾಲರನ್ನು ಕಾಣುತ್ತೇನೆ. ದಯೆ ಕೇಳುವುದಕ್ಕಲ್ಲ.

ನಿನ್ನ ತಮ್ಮ

---

ಜುಲೈ 16
ಆಸ್ಪತ್ರೆಯ ಲಾಂಡ್ರಿ

ಪ್ರೀತಿಯ ಕ್ರಾಂತಿಕಾರಿಗೆ,

ಪ್ರಿನ್ಸಿಪಾಲರನ್ನು ಕಾಣುವ ಮೊದಲು ತಲೆ ಬಾಚಿಕೋ. ನಿನ್ನ ತಲೆ ನೋಡಿದರೆ ಅವರಿಗೆ ಮೆಟ್ಟಿಲಲ್ಲ, ಕ್ಷೌರದಂಗಡಿ ನೆನಪಾಗುತ್ತದೆ.

ನಾನು ಚೆನ್ನಾಗಿದ್ದೇನೆ. ಹಾಸಿಗೆಯ ಬಿಳಿ ಬಟ್ಟೆಗಳು ಒಗೆದು ಹಿಂಡಿ ನನ್ನ ಹತ್ತಿರ ಬರುತ್ತವೆ. ನಾನೂ ಎದುರಿನವಳೂ ಎರಡೆರಡು ತುದಿ ಹಿಡಿದು ಬಿಸಿ ಉರುಳೆಯೊಳಗೆ ಬಿಡಬೇಕು. ಯಂತ್ರಗಳ ಗದ್ದಲ ಎಷ್ಟೆಂದರೆ ಇಲ್ಲಿ ಎಲ್ಲರೂ ನಿನ್ನ ಪಂಗಡದವರೇ. ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ನಾನು ಬಂದ ವಾರವೇ ನಮ್ಮ ಮನೆಯ ಕೈಸನ್ನೆಗಳನ್ನು ಶುರುಮಾಡಿದೆ. 'ನಿಲ್ಲು', 'ಸುಕ್ಕಾಗಿದೆ', 'ಮೇಲ್ವಿಚಾರಕಿ ಬಂದಳು', ಎಲ್ಲ. ಈಗ ಇಡೀ ಶೆಡ್ಡು ನಮ್ಮ ಸನ್ನೆಯಲ್ಲಿ ಮಾತಾಡುತ್ತದೆ. ಮೇಲ್ವಿಚಾರಕಿ ಕೇಳಿದಳು, "ಇದನ್ನೆಲ್ಲ ಎಲ್ಲಿ ಕಲಿತೆ ನೀನು?" "ನಮ್ಮ ಹುಡುಗನ ಹತ್ರ" ಅಂದೆ. ಅವಳು ಬೇರೇನೋ ಅರ್ಥ ಮಾಡಿಕೊಂಡು ನಕ್ಕಳು. ತಿದ್ದಲು ಹೋಗಲಿಲ್ಲ. ಸ್ವಲ್ಪ ಮರ್ಯಾದೆ ಬಂತು.

ನನ್ನ ಜೊತೆ ಕೋಣೆಯಲ್ಲಿ ಇನ್ನಿಬ್ಬರು ಇದ್ದಾರೆ. ಅವರಲ್ಲೊಬ್ಬಳು ಬಟ್ಟೆ ಮಡಿಸುವ ಮೇಜಿನ ಹಿರಿಯಾಕೆ, ಅವಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಕೆಲಸ ಮುಗಿಸಿ ಬಂದರೆ ಇಬ್ಬರೂ ಮಾತಾಡದೆ ಮಲಗಿಬಿಡುತ್ತಾರೆ. ಕಿಟಕಿಯ ಆಚೆ ಆಸ್ಪತ್ರೆಯ ಗೋಡೆ. ಅದರ ಆಚೆ ಏನಿದೆ ಎಂದು ಇನ್ನೂ ನೋಡಿಲ್ಲ.

ಒಂದು ಮಾತು. ಕರಪತ್ರದ ವಿಷಯ ಕಡಿಮೆ ಬರೆ, ಪಾಠದ ವಿಷಯ ಹೆಚ್ಚು ಬರೆ. ಶಾಲೆಯಲ್ಲಿ ನಾವು ರೈಲುಮಾರ್ಗ ಬಂದ ಪಾಠಕ್ಕೆ ನಿಲ್ಲಿಸಿದ್ದೆವು. ಆಮೇಲೆ ಏನಾಯಿತು? ನಿಮ್ಮ ಮೇಷ್ಟ್ರು ಹೇಳಿದ್ದರೆ ಬರೆ.

ಅಕ್ಕ

---

ಆಗಸ್ಟ್ 2

ಅಕ್ಕಾ,

ಪ್ರಿನ್ಸಿಪಾಲರನ್ನು ಕಂಡೆ. ತಲೆ ಬಾಚಿಕೊಂಡೇ ಹೋಗಿದ್ದೆ. ಬೇಡಿಕೆಗಳನ್ನು ಬರೆದು ಮೇಜಿನ ಮೇಲಿಟ್ಟೆ. ಮಾತಾಡುವಾಗ ಮೇಷ್ಟ್ರ ಮುಖ ಕ್ಲಾಸಿನ ಕಡೆಗಿರಲಿ. ಪಾಠದ ಸಾರಾಂಶ ಮೊದಲೇ ಬರಹದಲ್ಲಿ ಸಿಗಲಿ. ಹೇಳಿದ್ದನ್ನು ಬರೆದುಕೊಡಲು ಒಬ್ಬರನ್ನು ಕಾಲೇಜೇ ನೇಮಿಸಲಿ. ಮೌಖಿಕ ಪರೀಕ್ಷೆಯ ಬದಲು ನನಗೆ ಲಿಖಿತ ಪರೀಕ್ಷೆ ಇರಲಿ. ಹಾಜರಿ ಕೂಗುವಾಗ ನನ್ನ ಕಡೆ ಒಂದು ಕೈ ಎತ್ತಲಿ. ಇದಿಲ್ಲದಿದ್ದರೆ ಈ ವರ್ಷ ನಾನು ಪಾಸಾಗುವುದಿಲ್ಲ, ಆ ಫೇಲು ನನ್ನದಲ್ಲ, ಕಾಲೇಜಿನದು ಎಂದೂ ಸೇರಿಸಿದ್ದೆ.

ಅವರು ಒಳ್ಳೆಯವರೇ. ನಿಧಾನವಾಗಿ, ಬಾಯಿ ಪೂರ್ತಿ ತೆರೆದು ಮಾತಾಡಿದರು.

"ಸ್ಕೂಲಲ್ಲಿ ಹೇಗಪ್ಪ ಓದ್ದೆ?"

"ನಮ್ಮಕ್ಕ ಪಕ್ಕದಲ್ಲಿ ಕೂತು ಬರ್ಕೊಡ್ತಿದ್ಲು ಸಾರ್."

"ಅಷ್ಟೇ ತಾನೆ? ಅವಳನ್ನೇ ಕರೆಸು. ಲೇಡೀಸ್ ಹಾಸ್ಟೆಲ್‌ನಲ್ಲಿ ಮೂಲೆ ಕೋಣೆ ಖಾಲಿ ಇದೆ. ಊಟ ಅಲ್ಲೇ ಆಗುತ್ತೆ. ಕ್ಲಾಸಲ್ಲಿ ನಿನ್ನ ಪಕ್ಕ ಕೂರಲಿ, ಯಾರೂ ಏನೂ ಅನ್ನಲ್ಲ."

"ಆಗಲ್ಲ ಸಾರ್."

"ಯಾಕೆ, ಅವಳಿಗೆ ಇಷ್ಟ ಇಲ್ವಾ?"

"ಅವಳನ್ನ ಕೇಳೋ ಪ್ರಶ್ನೆನೇ ಇಲ್ಲ. ಅವಳು ನನ್ನ ಕಿವಿ ಅಲ್ಲ. ಅವಳಿಗೂ ಒಂದು ಬದುಕಿದೆ."

ಪಕ್ಕದಲ್ಲಿದ್ದ ಗುಮಾಸ್ತರು ಏನೋ ಗೊಣಗಿದರು. ಅವರಿಗೆ ಮೀಸೆ ಇಲ್ಲ, ಪಾಪ, ಗೊಣಗಿದ್ದೂ ನನಗೆ ತಿಳಿಯಿತು: "ಕೊಟ್ಟಿದ್ದನ್ನ ತಗೊಳ್ಳೋಕೂ ಇವನಿಗೆ ಸೊಕ್ಕು." ಪ್ರಿನ್ಸಿಪಾಲರು ಮಾತ್ರ ಈ ತಿಂಗಳ ಕೊನೆಯವರೆಗೆ ಯೋಚನೆ ಮಾಡು ಎಂದರು. ಯೋಚಿಸುವುದು ಏನಿದೆ? ನನ್ನ ಹೊರೆಯನ್ನು ಮತ್ತೆ ನಿನ್ನ ತಲೆಗೆ ಕಟ್ಟುವ ಉಪಾಯವನ್ನು ಸೌಲಭ್ಯ ಎಂದು ಕರೆಯುತ್ತಾರೆ. ಆ ಬಾಗಿಲಿನಿಂದ ಹೊರಗೆ ಬರುವಾಗ ನನಗೆ ನಿಜವಾಗಿ ಹೆಮ್ಮೆಯಾಯಿತು ಅಕ್ಕಾ. ಜೀವನದಲ್ಲಿ ಮೊದಲ ಸಲ ನಿನಗಾಗಿ ಏನೋ ಮಾಡಿದೆ ಅನ್ನಿಸಿತು.

ನಾನೇ ಒಂದು ಕರಪತ್ರ ಬರೆದು ಅಚ್ಚು ಮಾಡಿಸಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ. ಮಧ್ಯದ ಭಾಗ ಓದು, ಅದು ನಿನ್ನ ಬಗ್ಗೆ: 'ನನ್ನ ಅಕ್ಕ ನನಗಾಗಿ ಬರೆಯುತ್ತ ಬರೆಯುತ್ತ ತನ್ನ ಓದನ್ನು ಕಳೆದುಕೊಂಡಳು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ನಾನು ಪಾಸಾದೆ, ಅವಳು ಫೇಲಾದಳು. ಇದಕ್ಕೆ ಯಾರು ಹೊಣೆ?' ಅದನ್ನು ಓದಿದವರು ಸುಮ್ಮನಿರಲು ಸಾಧ್ಯವಿಲ್ಲ.

ನಿನ್ನ ತಮ್ಮ

---

ಆಗಸ್ಟ್ 24

ಅಕ್ಕಾ,

ನಿನ್ನ ಕಾಗದ ಬಂದಿಲ್ಲ. ಅಂಚೆಯಲ್ಲಿ ಕಳೆಯಿತೋ, ಕೆಲಸ ಹೆಚ್ಚೋ?

ಕರಪತ್ರವನ್ನು ಗ್ರಂಥಾಲಯದ ಬಾಗಿಲಲ್ಲಿ ನಿಂತು ಹಂಚಿದೆ. ಕೆಲವರು ತೆಗೆದುಕೊಂಡರು. ಊರುಗೋಲು ಹಿಡಿದ ಒಬ್ಬಳು ಓದಿ, ನನ್ನ ಕೈ ಕುಲುಕಿ ಹೋದಳು. ಅವಳ ಭೂಗೋಳದ ಕ್ಲಾಸು ಮೇಲಿನ ಅಂತಸ್ತಿನಲ್ಲಿದೆಯಂತೆ.

ಪ್ರಿನ್ಸಿಪಾಲರು ಅಂಗಳದಲ್ಲಿ ಸಿಕ್ಕಿ ಅಕ್ಕನ ವಿಷಯ ಮತ್ತೆ ಕೇಳಿದರು. ಮತ್ತೆ ಬೇಡ ಅಂದೆ. ಆ ಕೋಣೆಯನ್ನು ಬೇರೆ ಯಾರಿಗಾದರೂ ಕೊಡಿ ಅಂದೆ.

ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಬರೆ.

---

ಸೆಪ್ಟೆಂಬರ್ 7

ತಮ್ಮನಿಗೆ,

ನಿನ್ನ ಎರಡು ಕಾಗದಗಳೂ ಕರಪತ್ರವೂ ತಲುಪಿವೆ. ಅಚ್ಚು ಚೆನ್ನಾಗಿ ಬಂದಿದೆ. ಇಲ್ಲಿ ಕೆಲಸ ಹೆಚ್ಚು, ಅದಕ್ಕೆ ಬರೆಯಲಾಗಲಿಲ್ಲ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯಂತೆ. ಅಪ್ಪ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯಲು ಪಕ್ಕದ ಮನೆಯ ಹುಡುಗಿಯನ್ನು ಇಟ್ಟುಕೊಂಡಿದ್ದಾರೆ.

ಆರೋಗ್ಯ ನೋಡಿಕೋ.

ಅಕ್ಕ

---

ಸೆಪ್ಟೆಂಬರ್ 19

ಅಕ್ಕಾ,

ನಿನ್ನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ತಮಾಷೆಯಿಲ್ಲ, ಒಂದು ಬೈಗುಳವಿಲ್ಲ. ನನಗೆ ಅರ್ಥವಾಯಿತು. ಆ ಲಾಂಡ್ರಿ ನಿನ್ನನ್ನು ಹಿಂಡುತ್ತಿದೆ. ಬಟ್ಟೆಯ ಜೊತೆ ನಿನ್ನನ್ನೂ ಉರುಳೆಯೊಳಗೆ ಬಿಡುತ್ತಿದ್ದಾರೆ. ಸುಮ್ಮನಿರಬೇಡ. ಕೆಲಸದ ಹೊತ್ತು ಎಷ್ಟು, ಬಿಡುವು ಎಷ್ಟು ಎಂದು ಬರೆದು ಕಳಿಸು. ದೊಡ್ಡಮ್ಮನನ್ನು ಮುಂದಿಟ್ಟುಕೊಂಡು ಎಲ್ಲರೂ ಒಟ್ಟಾಗಿ ಕೇಳಿ. ಬೇಕಾದರೆ ನಾನೊಂದು ಕರಪತ್ರ ಬರೆದುಕೊಡುತ್ತೇನೆ.

ಇಲ್ಲಿ ಗೆಲುವು ಸಿಕ್ಕಿದೆ. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಕೊಟ್ಟರು. ಇತಿಹಾಸದವರು ಈಗ ನನ್ನ ಕಡೆ ತಿರುಗಿ ಮಾತಾಡುತ್ತಾರೆ, ಎಷ್ಟೆಂದರೆ ನನ್ನನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ. ಸಾರಾಂಶ ಮೊದಲೇ ಸಿಗುತ್ತದೆ. ಬರೆದುಕೊಡಲು ಒಬ್ಬ ಸಹಪಾಠಿಯನ್ನು ನೇಮಿಸಿದ್ದಾರೆ, ಅವನ ಹಾಸ್ಟೆಲ್ ಶುಲ್ಕ ಮಾಫಿ. ಅವನಿಗೆ ತಂತಿ ಎಂದು ಹೆಸರಿಟ್ಟಿದ್ದೇನೆ. ತಂತಿ ಕಳಿಸುವವರ ಹಾಗೆ ಒಂದೊಂದು ಪದಕ್ಕೂ ಜಿಪುಣತನ. ಅಕ್ಷರ ಮುತ್ತಿನಂತಿದೆ, ತಪ್ಪಿಲ್ಲ. ಬಲಗಡೆ ಮಾತ್ರ ಏನೂ ಇರುವುದಿಲ್ಲ. ಮೊನ್ನೆ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅವನ ಪುಟ ನೋಡಿದೆ. 'ನಕ್ಕರು' ಎಂದು ಬರೆದಿದ್ದ. ಯಾಕೆ ಎಂದು ಸನ್ನೆ ಮಾಡಿದೆ. ತಲೆಯಾಡಿಸಿ ಪಾಠಕ್ಕೆ ಮರಳಿದ.

ಅದಿರಲಿ. ಬಲಗಡೆಯ ಅಂಚು ಯಾವ ಹಕ್ಕಿನ ಪಟ್ಟಿಯಲ್ಲೂ ಇಲ್ಲ. ಅದನ್ನು ಯಾವ ಅರ್ಜಿಯಲ್ಲಿ ಕೇಳುವುದು?

ಊಟದ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ನನಗೇ ಸಿಗುತ್ತದೆ. ಗಾಳಿ ಚೆನ್ನಾಗಿ ಬರುತ್ತದೆ.

ನಿನ್ನ ತಮ್ಮ

---

ಅಕ್ಟೋಬರ್ 4

ತಮ್ಮಾ,

ಇವತ್ತು ಭಾನುವಾರ. ಯಂತ್ರಗಳು ನಿಂತಿವೆ. ಇಸ್ತ್ರಿ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನೀನು ಲಾಂಡ್ರಿಯ ಮೇಲೆ ಕರಪತ್ರ ಬರೆಯುವ ಮೊದಲು ಬರೆಯುವುದು ವಾಸಿ.

ಲಾಂಡ್ರಿ ನನ್ನನ್ನು ಹಿಂಡಿಲ್ಲ. ನಿನ್ನ ಆಗಸ್ಟಿನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. 'ಲೇಡೀಸ್ ಹಾಸ್ಟೆಲ್, ಮೂಲೆ ಕೋಣೆ' ಎಂಬಲ್ಲಿಗೆ ಬಂದಾಗ ಮನಸ್ಸಿನಲ್ಲೇ ಟ್ರಂಕು ಕಟ್ಟಿದೆ. ಹಳದಿ ಹೊದಿಕೆ ಮೇಲೆ ಇಡಬೇಕು, ಚಪ್ಪಲಿ ಕೆಳಗೆ ಎಂದೂ ಯೋಚಿಸಿದೆ. ಎರಡು ಸಾಲು ಕೆಳಗೆ ನೀನು ಬೇಡ ಎಂದಿದ್ದೆ.

ನನ್ನನ್ನು ಕೇಳುವ ಪ್ರಶ್ನೆಯೇ ಇಲ್ಲ ಎಂದೆಯಲ್ಲ. ಕೇಳಬಹುದಿತ್ತು ಕಣೋ. ನಾನು ಬರುತ್ತಿದ್ದೆ.

ಇನ್ನೊಂದು ವಿಷಯ. ನಾನು ಫೇಲಾಗಲಿಲ್ಲ. ನಾನು ಪರೀಕ್ಷೆ ಬರೆಯಲೇ ಇಲ್ಲ. ಆ ಶಾಲೆಯಲ್ಲಿ ನಾನು ವಿದ್ಯಾರ್ಥಿಯೇ ಆಗಿರಲಿಲ್ಲ. ಅಪ್ಪ ನನ್ನನ್ನು ಆಗಲೇ ಬಿಡಿಸಿ ಕಾಜಾ ಹೊಲಿಯಲು ಕೂರಿಸಿದ್ದು ನಿನಗೆ ಗೊತ್ತಿದೆ. ಜ್ವರ ಬಂದು ನಿನ್ನ ಕಿವಿ ಹೋದ ಮೇಲೆ ಹೆಡ್‌ಮಾಸ್ತರರು ಅಪ್ಪನಿಗೆ ಹೇಳಿದರು, "ಹುಡುಗನ ಪಕ್ಕ ಯಾರಾದ್ರೂ ಕೂರೋದಾದ್ರೆ ಕಳ್ಸಿ, ಇಲ್ಲ ಅಂದ್ರೆ ಬಿಡಿಸ್ಕೊಳ್ಳಿ." ಅಪ್ಪ ನನ್ನನ್ನು ಕಳಿಸಿದರು. ಮತ್ತೆ ಸೇರಿಸಿದರು ಎಂದು ನಿನಗೆ ಹೇಳಿದೆವು. ಸೇರಿಸಿರಲಿಲ್ಲ. ಕೂರಿಸಿದ್ದರು.

ಹಾಜರಿಯಲ್ಲಿ ನನ್ನ ಹೆಸರು ಯಾವತ್ತೂ ಬರಲಿಲ್ಲ. ನಿನಗೆ ಅದು ತಿಳಿಯುವುದು ಹೇಗೆ? ನಿನ್ನ ಹೆಸರಿಗೆ ತಿವಿಯುತ್ತಿದ್ದೆ, ಮಿಕ್ಕವರ ಹೆಸರುಗಳು ಹೋಗುತ್ತಿದ್ದವು, ಪುಸ್ತಕ ಮುಚ್ಚುತ್ತಿತ್ತು. ಮೊದಮೊದಲು ಪ್ರತಿ ದಿನ ಕಾಯುತ್ತಿದ್ದೆ, ಇವತ್ತು ಯಾರಾದರೂ ಸೇರಿಸಿರಬಹುದು ಎಂದು. ಆಮೇಲೆ ರೂಢಿಯಾಯಿತು.

ಕೊನೆಯ ಪರೀಕ್ಷೆಯಲ್ಲಿ ನಿನಗೆ ಬೇರೆ ಕೋಣೆ ಕೊಟ್ಟಿದ್ದರು. ನಾನು ದೊಡ್ಡ ಹಾಲಿನಲ್ಲಿ ಬರೆಯುತ್ತೇನೆ ಎಂದು ಹೇಳಿ ಹಿಂದಿನ ನಲ್ಲಿ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಗಂಟೆ ಹೊಡೆದಾಗ ಎದ್ದು ಬರುತ್ತಿದ್ದೆ. ನೀನು ಪ್ರಶ್ನೆಪತ್ರಿಕೆ ತೋರಿಸುತ್ತಿದ್ದೆ. ಎಲ್ಲದಕ್ಕೂ ಉತ್ತರ ಬರುತ್ತಿತ್ತು ನನಗೆ. ಫಲಿತಾಂಶ ಬಂದಾಗ ಫೇಲು ಅಂದೆ. ಫೇಲಾಗುವುದಕ್ಕೂ ಒಂದು ರಿಜಿಸ್ಟರ್ ನಂಬರ್ ಬೇಕು ಕಣೋ, ನನಗೆ ಅದೂ ಇರಲಿಲ್ಲ. ನಿಜ ಹೇಳಿದ್ದರೆ ನೀನು ಕಾಲೇಜು ಬೇಡ ಎಂದು ಹಟ ಹಿಡಿಯುತ್ತಿದ್ದೆ. ಆಗಲೇ ನಿನಗೆ ತತ್ವದ ಜ್ವರ.

ಈಗ ನೀನು ನನ್ನನ್ನು ಫೇಲಾದವಳು ಎಂದು ಅಚ್ಚು ಹಾಕಿಸಿ, ಗ್ರಂಥಾಲಯದ ಬಾಗಿಲಲ್ಲಿ ನಿಂತು ಹಂಚಿದ್ದೀಯ. ನಿನ್ನ ಪಕ್ಕ ಕೂತು ನಾನು ಓದು ಕಳೆದುಕೊಳ್ಳಲಿಲ್ಲ. ನನಗೆ ಸಿಕ್ಕಿದ ಓದೆಲ್ಲ ಅಲ್ಲೇ ಸಿಕ್ಕಿದ್ದು. ನಿನ್ನ ಕಿವಿ ಹೋದ ದಿನ ಮನೆಯವರೆಲ್ಲ ಅತ್ತರು, ನಾನೂ ಅತ್ತೆ. ಆಮೇಲೆ ಶಾಲೆಗೆ ಹೋಗು ಎಂದಾಗ ಒಳಗೊಳಗೇ ಹಿಗ್ಗಿದೆ. ಇದನ್ನು ಯಾರಿಗೆ ಹೇಳಲಿ?

ನೀನು ಮಾಡಿದ್ದು ತಪ್ಪು ಎನ್ನಲಾರೆ. ಅಲ್ಲಿಗೆ ಬಂದರೂ ನಾನು ಹೆಸರಿಲ್ಲದೆ ಕೂರಬೇಕಿತ್ತು. ಅದು ಅನ್ಯಾಯ ಎಂದು ನಿನ್ನ ಕರಪತ್ರ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆದರೂ ಬರುತ್ತಿದ್ದೆ.

ರೈಲಿನ ಪಾಠ ಏನಾಯಿತು ಎಂದು ಜುಲೈಯಲ್ಲಿ ಕೇಳಿದ್ದೆ. ನೀನು ಬರೆಯಲಿಲ್ಲ.

ಅಕ್ಕ

---

ಅಕ್ಟೋಬರ್ 17

ಅಕ್ಕಾ,

ಈ ಕಾಗದವನ್ನು ಎಷ್ಟು ಸಲ ಹರಿದೆನೋ. ಪ್ರತಿ ಸಲವೂ ಅದು ಭಾಷಣವಾಗುತ್ತಿತ್ತು.

ಉಳಿದ ಕರಪತ್ರಗಳನ್ನು ಹಾಸ್ಟೆಲ್ ಅಡುಗೆಯವರಿಗೆ ಒಲೆ ಹೊತ್ತಿಸಲು ಕೊಟ್ಟೆ. ಹಂಚಿದ್ದನ್ನು ವಾಪಸು ತರಲಾರೆ.

ಪ್ರಿನ್ಸಿಪಾಲರ ಹತ್ತಿರ ಹೋದೆ. ನಮ್ಮಕ್ಕ ಬರುತ್ತಾಳೆ ಅಂದೆ. "ಈಗ ಬರ್ಕೊಡೋ ಹುಡುಗ ಇದಾನಲ್ಲಪ್ಪ, ಅವನ ಶುಲ್ಕ ಮಾಫಿ ಮಾಡಿ ಆಗಿದೆ" ಎಂದರು. ಹಾಗಾದರೆ ಅವಳನ್ನು ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳಿ ಅಂದೆ. "ಸ್ಕೂಲ್ ಸರ್ಟಿಫಿಕೇಟ್ ಇದೆಯಾ?" ಎಂದರು. ನಾನು ಸುಮ್ಮನೆ ನಿಂತೆ. ಅವರು ನನಗೆ ಕೇಳಿಸಲಿಲ್ಲ ಎಂದುಕೊಂಡು ಬಾಯಿ ಇನ್ನೂ ದೊಡ್ಡದು ಮಾಡಿ ಅದನ್ನೇ ಮತ್ತೆ ಹೇಳಿದರು. ಕೇಳಿಸಿತ್ತು ಅಕ್ಕಾ.

ಹೊರಗೆ ಗುಮಾಸ್ತರು ಹಿಂದೆಯೇ ಬಂದು ಭುಜ ಹಿಡಿದು ತಿರುಗಿಸಿದರು. "ಸೊಕ್ಕು ಇಳೀತಾ?" ಎಂದರು. ಆಮೇಲೆ, "ಶಾಲೆಗೆ ಹೋಗದೇ ಇರೋರೂ ಕೊನೆ ಪರೀಕ್ಷೆನ ಖಾಸಗಿಯಾಗಿ ಕಟ್ಟಬಹುದು ಕಣಯ್ಯ. ಅವಳಿರೋ ಊರಲ್ಲೇ ಬರೀಬಹುದು. ನವೆಂಬರ್‌ವರೆಗೆ ಸಮಯ ಇದೆ. ಈ ಸಲನಾದ್ರೂ ಮೊದಲು ಅವಳನ್ನ ಕೇಳು" ಎಂದರು.

ಆದ್ದರಿಂದ ಕೇಳುತ್ತಿದ್ದೇನೆ. ಬರೆಯುತ್ತೀಯಾ? ಬೇಡ ಎಂದರೂ ಸರಿ. ಶಾಲೆಯ ನೋಟ್ಸ್ ಎಲ್ಲ ನನ್ನ ಟ್ರಂಕಿನಲ್ಲಿವೆ. ಎಲ್ಲ ನಿನ್ನ ಅಕ್ಷರವೇ. ಪಾರ್ಸೆಲ್ ಮಾಡಿದ್ದೇನೆ.

ರೈಲು ಬಂದ ಮೇಲೆ ದೂರದ ಗಿರಣಿಗಳ ಬಟ್ಟೆ ಸಣ್ಣ ಊರುಗಳಿಗೆ ಬಂತು. ಕೈಮಗ್ಗಗಳು ನಿಂತವು. ಮಗ್ಗದವರ ಮನೆಯ ಮಕ್ಕಳು ಅದೇ ರೈಲು ಹತ್ತಿ ಗಿರಣಿಯ ಊರಿಗೆ ಕೆಲಸಕ್ಕೆ ಹೋದರು. ಕಳೆದ ತಿಂಗಳೇ ಈ ಪಾಠ ಆಗಿತ್ತು. ಸಾರಾಂಶದಲ್ಲಿ ನಾಲ್ಕೇ ಸಾಲು ಇತ್ತು, ಅದಕ್ಕೆ ಬರೆಯಲಿಲ್ಲ. ನೀನು ಲಾಂಡ್ರಿ ಕೆಲಸಕ್ಕೆ ಹತ್ತಿ ಹೋದ ರೈಲು ಆಗ ನನಗೆ ನೆನಪಾಗಲಿಲ್ಲ.

ಇನ್ನೊಂದು. ಬಲಗಡೆಯೂ ಬರೆ ಎಂದು ತಂತಿಗೆ ಹೇಳಿದೆ. "ಏನು ಬರೀಲಿ?" ಎಂದ. "ಯಾಕೆ ನಕ್ರೋ ಅದನ್ನ" ಅಂದೆ. ಅವನು ಪುಟವನ್ನು ತನ್ನ ಕಡೆ ಎಳೆದುಕೊಂಡ. ಬಲಗಡೆ ಬರೆದ: 'ನಿನ್ನನ್ನು ನೋಡಿ. ಹಾಜರಿಗೆ ಕಿರುಚುತ್ತೀಯ. ಅದಕ್ಕೆ.'

ನನ್ನ ದನಿ ಎಷ್ಟು ಜೋರು ಎಂದು ನನಗೆ ತಿಳಿಯುವುದಿಲ್ಲವಲ್ಲ. ಶಾಲೆಯಲ್ಲೂ ಹಾಗೇ ಕೂಗುತ್ತಿದ್ದೆನೇ? ಅಕ್ಕಾ, ಆ ಬೆಕ್ಕು ನಿಜವಾಗಿಯೂ ಇತ್ತೇ?

ತಮ್ಮ

---

ನವೆಂಬರ್ 10

ಲೋ ಕಿರುಚಪ್ಪ,

ಬೆಕ್ಕು ಇತ್ತು. ದಿನಾ ಬರುತ್ತಿರಲಿಲ್ಲ. ಇಷ್ಟು ಸಾಕು, ಇನ್ನು ಕೇಳಬೇಡ.

ಪಾರ್ಸೆಲ್ ಬಂತು. ಪಾರ್ಸೆಲ್ ಕಟ್ಟುವುದನ್ನು ನಿನಗೆ ಯಾರು ಕಲಿಸಿದರು? ಮೂಟೆಯ ಹಾಗಿತ್ತು. ದೊಡ್ಡಮ್ಮ ಬಿಚ್ಚಲು ಕತ್ತರಿ ತಂದಳು.

"ಏನೇ ಇದು, ಗಂಡಿನ ಕಡೆಯವರ ಉಡುಗೊರೆನಾ?"

"ಅಲ್ಲ ದೊಡ್ಡಮ್ಮ, ಬೀಜಗಣಿತ."

"ಅಯ್ಯೋ, ಅದಕ್ಕಿಂತ ಗಂಡೇ ವಾಸಿ. ಒಂದಿನ ಅಲ್ಲ ಒಂದಿನ ಅರ್ಥ ಆಗ್ತಾನೆ."

ಪರೀಕ್ಷೆ ಕಟ್ಟಿದ್ದೇನೆ. ಮೇಲ್ವಿಚಾರಕಿ ಆ ವಾರ ರಜೆ ಕೊಡುತ್ತೇನೆ ಎಂದಿದ್ದಾಳೆ. ಬದಲಿಗೆ ಈಗಿನಿಂದಲೇ ಭಾನುವಾರ ಯಂತ್ರ ಒರೆಸುವ ಪಾಳಿ ಮಾಡಬೇಕು. ಇದರ ಮೇಲೆ ಕರಪತ್ರ ಬೇಡ.

ಪಾಳಿ ಮುಗಿಸಿ ಖಾಲಿ ಶೆಡ್ಡಿನಲ್ಲಿ ಕೂತು ಓದುತ್ತೇನೆ. ಎಡಗಡೆ ಮಾತ್ರ ಓದಬೇಕು ಎಂದುಕೊಳ್ಳುತ್ತೇನೆ, ಕಣ್ಣು ಬಲಗಡೆ ಹೋಗುತ್ತದೆ. ಆ ಕ್ಲಾಸು, ಆ ಮಕ್ಕಳು, ಯಾರ ಮೂಗು ಯಾವಾಗ ಸೋರಿತು, ಎಲ್ಲ ಇದೆ. ಅಷ್ಟು ಜನರ ನಡುವೆ ಇದ್ದೆ ನೋಡು. ಅವರಲ್ಲಿ ಒಬ್ಬರೂ ಒಂದು ದಿನವೂ ನನ್ನ ಹೆಸರು ಕೇಳಲಿಲ್ಲ. ಎಲ್ಲರಿಗೂ ನಾನು ಅವನ ಅಕ್ಕ.

ನನ್ನ ಮೇಲೆ ಇನ್ನು ಕರಪತ್ರ ಬರೆಯಬೇಡ. ನಿನ್ನ ಮೇಲೆ ಬರೆದುಕೋ. ಊಟದ ಕೋಣೆಯ ಕಿಟಕಿ ಪಕ್ಕದ ಮೇಜಿನಲ್ಲಿ ಗಾಳಿ ಬಿಟ್ಟು ಇನ್ನು ಯಾರು ಬರುತ್ತಾರೆ, ಅದನ್ನೂ ಬರೆ.

ಅಕ್ಕ

---

ಫೆಬ್ರವರಿ 20

ಅಕ್ಕಾ,

ಆ ಮೇಜಿಗೆ ಯಾರೂ ಬರುತ್ತಿರಲಿಲ್ಲ. ನಿನಗೆ ಆಗಲೇ ಗೊತ್ತಾಗಿತ್ತಲ್ಲ. ಹಕ್ಕು ಕೇಳುವವನ ಪಕ್ಕ ಕೂತರೆ ತಮ್ಮನ್ನೂ ಏನಾದರೂ ಕೇಳಿಬಿಡುತ್ತಾನೆ ಎಂಬ ಭಯ ಜನಕ್ಕೆ. ಕೇಳುತ್ತಲೂ ಇದ್ದೆ, ತಟ್ಟೆ ಇಟ್ಟ ಕೂಡಲೇ.

ಈಗ ಒಮ್ಮೊಮ್ಮೆ ತಂತಿ ಬಂದು ಎದುರಿಗೆ ಕೂರುತ್ತಾನೆ. ಮಾತಿಲ್ಲ. ಊಟ ಮುಗಿಸಿ ತಟ್ಟೆ ಎತ್ತುವಾಗ ಒಂದು ಸಲ ತಲೆಯಾಡಿಸುತ್ತಾನೆ. ನಾನು ಹಾಜರಿಗೆ ಈಗ ಕೈ ಮಾತ್ರ ಎತ್ತುತ್ತೇನೆ. ಭೂಗೋಳದ ಕ್ಲಾಸನ್ನು ಕೆಳಗಿನ ಕೋಣೆಗೆ ತಂದರು. ಊರುಗೋಲಿನವಳು ದೂರದಿಂದ ಕೋಲೆತ್ತಿ ತೋರಿಸಿದಳು. ಪ್ರಿನ್ಸಿಪಾಲರನ್ನು ನಾನಿನ್ನೂ ಬಿಟ್ಟಿಲ್ಲ. ಮುಂದಿನ ಅರ್ಜಿ ಹೆಸರಿಲ್ಲದೆ ಕೂರುವವರ ಬಗ್ಗೆ. ಯಾರ ಪಕ್ಕದಲ್ಲಿ ಯಾರೇ ಕೂತರೂ ಅವರ ಹೆಸರೂ ಹಾಜರಿಯಲ್ಲಿ ಇರಲಿ ಎಂದು ಬರೆದಿದ್ದೇನೆ. ನಿನ್ನ ಕಥೆ ಹಾಕಿಲ್ಲ.

ನಿನ್ನ ಪರೀಕ್ಷೆಗೆ ಬರಬೇಕು ಎಂದಿದ್ದೆ. ಬಾಗಿಲ ಹೊರಗೆ, ನಲ್ಲಿ ಕಟ್ಟೆ ಇದ್ದರೆ ಅದರ ಮೇಲೆ, ಗಂಟೆ ಹೊಡೆಯುವವರೆಗೆ ಕೂತಿರಬೇಕು ಎಂದಿದ್ದೆ. ನನ್ನ ಪರೀಕ್ಷೆಯೂ ಅದೇ ವಾರ ಬಂದಿದೆ. ಒಬ್ಬಳೇ ಹೋಗು ಅಕ್ಕಾ. ನಾನೂ ಇಲ್ಲಿ ಒಬ್ಬನೇ ಹೋಗುತ್ತೇನೆ.

ತಮ್ಮ

---

ಮಾರ್ಚ್ 22

ತಮ್ಮಾ,

ಇವತ್ತು ಮೊದಲ ಪರೀಕ್ಷೆ ಆಯಿತು. ಬಂದು ಕೂತು ನೇರವಾಗಿ ನಿನಗೆ ಬರೆಯುತ್ತಿದ್ದೇನೆ, ಕೈ ಇನ್ನೂ ನೋಯುತ್ತಿದೆ. ಇತಿಹಾಸ. ರೈಲುಮಾರ್ಗದ ಪ್ರಶ್ನೆ ಬಂದಿತ್ತು. ಪುಸ್ತಕದಲ್ಲಿ ಇಲ್ಲದ ನಿನ್ನ ನಾಲ್ಕು ಸಾಲನ್ನೂ ಸೇರಿಸಿ ಬರೆದೆ.

ಪಾಸೋ ಫೇಲೋ ಈಗ ಹೇಳಲಾರೆ. ಎರಡರಲ್ಲಿ ಯಾವುದಾದರೂ ಒಂದು ಖಂಡಿತ ಆಗುತ್ತದೆ. ನಂಬರ್ ಇದೆ.

ನಮ್ಮನ್ನು ಕೂರಿಸಿದ್ದು ಒಂದು ಉದ್ದನೆಯ ಹಾಲಿನಲ್ಲಿ. ಮುಕ್ಕಾಲು ಪಾಲು ಚಿಕ್ಕ ಹುಡುಗರು ಹುಡುಗಿಯರು. ನನ್ನನ್ನು ಮೇಲ್ವಿಚಾರಣೆಗೆ ಬಂದವಳು ಎಂದುಕೊಂಡು ಒಬ್ಬ ಎದ್ದು ನಿಂತ. ನನ್ನ ಜಾಗ ಗೋಡೆಯ ಪಕ್ಕ. ಪ್ರಶ್ನೆಪತ್ರಿಕೆ ಕೊಡುವ ಮೊದಲು ಒಬ್ಬ ಮೇಷ್ಟ್ರು ಹೆಸರು ಕೂಗುತ್ತ ಬಂದರು. ನಾನು ಎಂದಿನಂತೆ ಕೇಳುತ್ತ ಕೂತೆ. ಒಂದೊಂದೇ ಹೆಸರು ಹೋಗುತ್ತಿತ್ತು. ನನ್ನ ಹೆಸರು ಬಂತು.

ನನ್ನ ಮೊಣಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು ಕಣೋ, ನಿನ್ನನ್ನು ತಿವಿಯಲು. ಅಲ್ಲಿ ಗೋಡೆ. ಚೆನ್ನಾಗಿ ತಗುಲಿತು, ಈಗಲೂ ಚುರುಗುಡುತ್ತಿದೆ. ನಾನು ಗೋಡೆ ನೋಡುತ್ತ ಕೂತುಬಿಟ್ಟೆ.

"ಬಂದಿಲ್ವಾ?" ಎಂದು ಅವರು ಪೆನ್ನು ಎತ್ತಿದರು.

ಎದ್ದು ನಿಂತೆ. "ಬಂದಿದ್ದೀನಿ ಸಾರ್" ಅಂದೆ. ಲಾಂಡ್ರಿಯ ಗದ್ದಲದಲ್ಲಿ ಇದ್ದು ಇದ್ದು ರೂಢಿಯೋ, ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಹೊರಗೆ ಬಂತೋ, ನಿನ್ನ ಹಾಗೆ ಜೋರಾಗಿ ಬಂದುಬಿಟ್ಟಿತು. ಹಾಲಿನಲ್ಲಿದ್ದವರೆಲ್ಲ ನಕ್ಕರು.

ಬಲಗಡೆಯ ಅಂಚಿನಲ್ಲಿ ಬರೆದುಕೋ: ಬೆಕ್ಕು ಬಂದಿರಲಿಲ್ಲ. ನನ್ನನ್ನೇ ನೋಡಿ ನಕ್ಕರು.

ಅಕ್ಕ